ಬಿಡಿ ಮಣಿಯನ್ನು ಯಾರೂ ದುಂಡಗೆ ಉಜ್ಜುವುದಿಲ್ಲ

ಚಿಪ್ಪು, ಕಲ್ಲುಗಳ ಸಣ್ಣ ಬಿಲ್ಲೆಮಣಿಗೆ ಹೀಶಿ ಎನ್ನುತ್ತಾರೆ. ಒಳ್ಳೆಯ ಹೀಶಿ ಸರವನ್ನು ಬೆರಳ ನಡುವೆ ಎಳೆದರೆ ಹಾವಿನ ಮೈಯಂತೆ ನುಣ್ಣಗೆ ಜಾರುತ್ತದೆ, ಎಲ್ಲೂ ತೊಡರುವುದಿಲ್ಲ. ಪ್ರತಿ ಮಣಿಯನ್ನೂ ಅಷ್ಟು ಸಮನಾಗಿ ಹೇಗೆ ಕಡೆಯುತ್ತಾರೆಂದು ನೋಡಿದವರು ಬೆರಗಾಗುತ್ತಾರೆ. ಹಾಗೆ ಕಡೆಯುವುದೇ ಇಲ್ಲ. ದುಂಡಾಗುವುದು ಇಡೀ ಎಳೆ.

ಈ ಕೆಲಸಕ್ಕೆ ಹೆಸರಾದ ಊರು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿರುವ, ಮೂಲನಿವಾಸಿಗಳ ಕೇವಾ ಪ್ವೆಬ್ಲೊ. ಆಲ್ಬುಕರ್ಕಿಗೂ ಸಾಂಟಾ ಫೆಗೂ ನಡುವೆ, ರಿಯೊ ಗ್ರಾಂಡೆ ನದಿಯ ಬಳಿ ಇದೆ. ಹಳೆಯ ದಾಖಲೆಗಳಲ್ಲಿ ಅದು ಸಾಂಟೊ ಡೊಮಿಂಗೊ. ಅಲ್ಲಿನ ಕೆರೆಸ್ ನುಡಿಯಲ್ಲಿ ಹೀಶಿ ಎಂದರೆ ಚಿಪ್ಪು. ಈಗ ಕಲ್ಲಿನ ಬಿಲ್ಲೆಮಣಿಗೂ ಅದೇ ಹೆಸರು. ಸಮುದ್ರವಿಲ್ಲದ ಆ ಸೀಮೆಗೆ ಚಿಪ್ಪು ಕ್ಯಾಲಿಫೋರ್ನಿಯಾ ಕೊಲ್ಲಿಯಂಥ ದೂರದ ಕಡಲಿಂದ ಬರುತ್ತಿತ್ತು. ಫಿರೋಜಾ ಎಂಬ ನೀಲಿ-ಹಸಿರು ಕಲ್ಲು (ಟರ್ಕೋಯಿಸ್) ಮಾತ್ರ ಹತ್ತಿರದ ಸೆರಿಲ್ಲೊಸ್ ಗುಡ್ಡಗಳಲ್ಲೇ ಸಿಗುತ್ತಿತ್ತು.

ಮೊದಲು ಕಲ್ಲನ್ನು ತೆಳು ಹಲ್ಲೆಗಳಾಗಿ ಕೊಯ್ದು, ಇಕ್ಕಳದಿಂದ ಚಿಕ್ಕ ಚೌಕಗಳಾಗಿ ಮುರಿಯುತ್ತಾರೆ. ಬೇಕಾದ ಮಣಿಗಿಂತ ಚೌಕ ತುಸು ದೊಡ್ಡದಿರಬೇಕು, ಮೂಲೆಗಳೆಲ್ಲ ಮುಂದೆ ಸವೆದುಹೋಗುತ್ತವೆ. ಆಮೇಲೆ ನಡುವೆ ತೂತು. ಹಿಂದೆ ಹಗ್ಗ ಸುತ್ತಿದ ಅಡ್ಡಪಟ್ಟಿಯನ್ನು ಮೇಲೆ ಕೆಳಗೆ ಅದುಮಿ ತಿರುಗಿಸುವ ಕೈಬೈರಿಗೆ ಇತ್ತು, ಈಗ ವಿದ್ಯುತ್ ಬೈರಿಗೆ ಇದೆ. ಅವಸರದಲ್ಲಿ ಒತ್ತಿದರೆ ಬೈರಿಗೆ ಹೊರಬರುವ ಕಡೆ ಚಕ್ಕೆ ಏಳುತ್ತದೆ. ತೂತು ಓರೆಯಾದರೆ ಪಕ್ಕದ ಮಣಿಯೊಡನೆ ಮೈ ಕೂಡದೆ ಸರದಲ್ಲಿ ಸಂದು ಉಳಿಯುತ್ತದೆ.

ನಿಜವಾದ ಕಸುಬು ಇರುವುದು ಇನ್ನು ಮುಂದೆ. ಚೌಕಗಳನ್ನು ಸಣ್ಣ ತಂತಿಗೆ ಬಿಗಿಯಾಗಿ ಪೋಣಿಸಿ, ತಂತಿಯನ್ನು ಕೈಯಲ್ಲಿ ಬಿಲ್ಲಿನಂತೆ ಬಾಗಿಸಿ ತಿರುಗುವ ಸಾಣೆಗೆ ಹಿಡಿಯುತ್ತಾರೆ. ಎಳೆ ಅತ್ತಿತ್ತ ಸರಿಯುತ್ತಲೇ ಇರಬೇಕು, ತನ್ನ ಸುತ್ತ ಹೊರಳುತ್ತಲೂ ಇರಬೇಕು. ಒಂದೇ ಕಡೆ ನಿಂತರೆ ಮಣಿಗಳು ಚಪ್ಪಟೆಯಾಗುತ್ತವೆ. ತಂತಿ ಸಡಿಲಿದ್ದರೆ ಬಿಲ್ಲೆಗಳು ವಾಲಿ ಅಂಚು ಒಡೆಯುತ್ತವೆ. ಬಿರುಕಿದ್ದ ಮಣಿ ಇಲ್ಲೇ ಸಿಡಿದುಹೋಗುತ್ತದೆ. ಚಿಪ್ಪು ಫಿರೋಜಾಕ್ಕಿಂತ ಮೆದು; ಎರಡನ್ನೂ ಒಂದೇ ಎಳೆಯಲ್ಲಿ ಉಜ್ಜಿದರೆ ಚಿಪ್ಪು ಬೇಗ ಸವೆದು ಸರ ಹಳ್ಳತಿಟ್ಟಾಗುತ್ತದೆ. ಅದಕ್ಕೇ ಬೇರೆ ಬೇರೆ ಉಜ್ಜಿ ಆಮೇಲೆ ಬೆರೆಸುವುದು ಲೇಸು. ನಡುವಿನಿಂದ ತುದಿಗೆ ಸಣ್ಣದಾಗುತ್ತ ಹೋಗುವ ಸರದಲ್ಲಿ ಅಳತೆಗೋಲು ಕೈಯ ಒತ್ತಡವೊಂದೇ. ಕೊನೆಗೆ ನಯವಾದ ಉಜ್ಜುಕಾಗದ, ನೀರು, ತೊಗಲಿನ ಮೆರುಗು. ಕೈಗೆತ್ತಿಕೊಂಡ ಕಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪುಡಿಯಾಗಿ ಹೋಗಿರುತ್ತದೆ. ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿ ಉಜ್ಜಬೇಕು, ಮುಖಕ್ಕೆ ಮಾಸ್ಕ್ ಇರಬೇಕು.

1930ರ ದಶಕದ ಬಡತನದಲ್ಲಿ ಕಲ್ಲು ಕೊಳ್ಳಲಾಗದ ಕೇವಾ ಕುಶಲಿಗರು ಹಳೆಯ ಬ್ಯಾಟರಿ ಪೆಟ್ಟಿಗೆ, ಗ್ರಾಮಫೋನ್ ತಟ್ಟೆಗಳ ಕಪ್ಪು ಚೂರುಗಳನ್ನೇ ಚಿಪ್ಪು, ಫಿರೋಜಾಗಳ ಜೊತೆ ಕೂರಿಸಿ ಮೂಲನಿವಾಸಿಗಳ ಪುರಾಣದ ಗುಡುಗುಹಕ್ಕಿಯ ಪದಕ ಮಾಡಿದರು. ಇವನ್ನು ನಕಲಿ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಸಂಗ್ರಾಹಕರು ಇಂದು ಹುಡುಕುವುದು ಅವನ್ನೇ.

ನಕಲಿಯ ಮಾತು ಬೇರೆ. ಯಂತ್ರದಲ್ಲಿ ಕಡೆದ ಆಮದು ಮಣಿಗಳೂ, ಕಲ್ಲಿನ ಪುಡಿಗೆ ಅಂಟು ಬೆರೆಸಿ ಎರಕ ಹೊಯ್ದವೂ ಇದೇ ಹೆಸರಲ್ಲಿ ಮಾರಾಟವಾಗುತ್ತವೆ. ಮೂಲನಿವಾಸಿಗಳು ಮಾಡಿದ್ದೆಂದು ಸುಳ್ಳು ಹೇಳಿ ಮಾರುವುದು 1990ರ ಅಮೆರಿಕದ ಕಾಯಿದೆಯ ಪ್ರಕಾರ ಅಪರಾಧ. ಕೊಳ್ಳುವಾಗ ತೂತಿನ ಬಾಯಿಯನ್ನು ಭೂತಗನ್ನಡಿಯಲ್ಲಿ ನೋಡಿ: ಬಣ್ಣ ಹಾಕಿದ್ದರೆ ಅಲ್ಲಿ ಗಾಢವಾಗಿ ಕೂತಿರುತ್ತದೆ. ಮೆದು ಕಲ್ಲಿಗೆ ಅಂಟು ಕುಡಿಸಿ ಗಟ್ಟಿ ಮಾಡುವುದು ತಪ್ಪಲ್ಲ, ಹೇಳದೆ ಮಾರುವುದು ತಪ್ಪು. ಹಾಗೆ ಗಟ್ಟಿ ಮಾಡದ ಫಿರೋಜಾ ಬೆವರು, ಎಣ್ಣೆ, ಸೆಂಟು ಹೀರಿ ಹಸಿರಿಗೆ ತಿರುಗುತ್ತದೆ. ಸೆಂಟು ಹಾಕಿಕೊಂಡು ಅದು ಆರಿದ ಮೇಲೇ ಸರ ತೊಡಿ.