ಓಸಿಟಿ ರಿಪೋರ್ಟಿನ ಆ ಒಂದು ಸಂಖ್ಯೆ

ಹೋದ ತಿಂಗಳು ಒಬ್ಬ ನಿವೃತ್ತ ಮೇಷ್ಟ್ರು ಪ್ಲಾಸ್ಟಿಕ್ ಕವರಿನಿಂದ ಎರಡು ಓಸಿಟಿ (ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ದಪ್ಪ ಅಳೆಯುವ ಬೆಳಕಿನ ಸ್ಕ್ಯಾನ್) ರಿಪೋರ್ಟ್ ತೆಗೆದು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದರಲ್ಲಿ 262 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ), ಇನ್ನೊಂದರಲ್ಲಿ 279. ಎರಡಕ್ಕೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. "ಮೂರೇ ತಿಂಗಳಿಗೆ ಹದಿನೇಳು ಏರಿದೆ ಡಾಕ್ಟ್ರೇ. ಕಣ್ಣಿಗೆ ಇಂಜೆಕ್ಷನ್ ಬೇಕಾಗಬಹುದು ಅಂದ್ರು." ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆ ಅವರದು. ರಾತ್ರಿ ನಿದ್ದೆ ಬಂದಿರಲಿಲ್ಲವಂತೆ.

ಸಕ್ಕರೆ ಕಾಯಿಲೆಯಿಂದ ರೆಟಿನಾದಲ್ಲಿ ನೀರು ತುಂಬಿ ಬರುವ ಊತ ಏರಿರಲಿಲ್ಲ. ಮೊದಲ ಸ್ಕ್ಯಾನ್ ಸಿರಸ್ ಯಂತ್ರದ್ದು, ಎರಡನೆಯದು ಸ್ಪೆಕ್ಟ್ರಾಲಿಸ್‌ನದು. ಎರಡೂ ಒಳ್ಳೆಯ ಯಂತ್ರಗಳೇ. ಆದರೆ ರೆಟಿನಾದ ತಳ ಎಲ್ಲಿ ಎಂದು ಗೆರೆ ಎಳೆಯುವಾಗ ಒಂದೊಂದರದು ಒಂದೊಂದು ಲೆಕ್ಕ. ಸ್ಪೆಕ್ಟ್ರಾಲಿಸ್ ರೆಟಿನಾದ ಅಡಿಯಲ್ಲಿರುವ ಬ್ರೂಕ್ಸ್ ಪೊರೆಯವರೆಗೂ ಅಳೆಯುತ್ತದೆ, ಸಿರಸ್ ತುಸು ಮೇಲೇ ನಿಲ್ಲುತ್ತದೆ. ಹಳೆಯ ಸ್ಟ್ರಾಟಸ್ ಇನ್ನೂ ಮೇಲೆ ನಿಲ್ಲುತ್ತಿತ್ತು; ಅದರಲ್ಲಿ 200ರ ಆಸುಪಾಸು ಬರುತ್ತಿದ್ದ ಆರೋಗ್ಯವಂತ ಕಣ್ಣು ಸ್ಪೆಕ್ಟ್ರಾಲಿಸ್‌ನಲ್ಲಿ 270ರ ಹತ್ತಿರ ಬರುತ್ತದೆ. ಅದಕ್ಕೇ ಮಧುಮೇಹದ ಕಣ್ಣಿನ ಕಾಯಿಲೆ ಕುರಿತು ಸಂಶೋಧನೆ ನಡೆಸುವ ಅಮೆರಿಕದ ಡಿಆರ್‌ಸಿಆರ್ ಜಾಲದ ಅಧ್ಯಯನಗಳಲ್ಲಿ ಊತದ ಗಡಿಯನ್ನು ಯಂತ್ರಕ್ಕೊಂದರಂತೆ ಇಟ್ಟಿದ್ದಾರೆ: ಗಂಡಸರಿಗೆ ಸಿರಸ್‌ನಲ್ಲಿ 305, ಸ್ಪೆಕ್ಟ್ರಾಲಿಸ್‌ನಲ್ಲಿ 320. ಹೆಂಗಸರಿಗೆ 290 ಮತ್ತು 305. ಮೇಷ್ಟ್ರ ಎರಡೂ ಅಳತೆ ಈ ಗಡಿಗಿಂತ ಎಷ್ಟೋ ಕೆಳಗಿದ್ದವು.

ಯಂತ್ರ ಒಂದೇ ಆದರೂ ನಾನು ಸಂಖ್ಯೆಗಿಂತ ಮೊದಲು ಚಿತ್ರ ನೋಡುತ್ತೇನೆ. ರಿಪೋರ್ಟಿನ ನಡುವೆ ಬರುವ ಅಂಕಿ ಒಂದು ಮಿಲಿಮೀಟರ್ ಅಗಲದ ವೃತ್ತದೊಳಗಿನ ಸರಾಸರಿ. ದೃಷ್ಟಿಯ ಕೇಂದ್ರದಲ್ಲಿ ರೆಟಿನಾ ಸಹಜವಾಗಿಯೇ ತಗ್ಗು, ಸುತ್ತಲೂ ದಿಣ್ಣೆ. ರೋಗಿಯ ನೋಟ ಅರ್ಧ ಮಿಲಿಮೀಟರ್ ಆಚೆ ಸರಿದರೆ ಯಂತ್ರ ತಗ್ಗನ್ನು ಬಿಟ್ಟು ದಿಣ್ಣೆಯನ್ನು ಅಳೆಯುತ್ತದೆ. ಒಬ್ಬ ಅಜ್ಜಿಯ ರಿಪೋರ್ಟಿನಲ್ಲಿ 318 ಬಂದಿತ್ತು. ಚಿತ್ರದಲ್ಲಿ ನೀರಿನ ಗುಳ್ಳೆ ಒಂದೂ ಇಲ್ಲ, ಆದರೆ ತಗ್ಗು ಚೌಕಟ್ಟಿನ ಅಂಚಿಗೆ ಹೋಗಿತ್ತು. ಕಣ್ಣು ಒಣಗಿದ್ದರಿಂದ ಸಿಗ್ನಲ್ (ಸ್ಕ್ಯಾನಿನ ಗುಣಮಟ್ಟದ ಅಂಕ) ಹತ್ತಕ್ಕೆ ಐದು. ಸಿರಸ್‌ನಲ್ಲಿ ಕನಿಷ್ಠ ಆರಾದರೂ ಬೇಕು. ಕೃತಕ ಕಣ್ಣೀರಿನ ಹನಿ ಹಾಕಿ, ಗಲ್ಲ ಸರಿಯಾಗಿ ಇಡಿಸಿ, "ಅಜ್ಜಿ, ಆ ಚುಕ್ಕೆನೇ ನೋಡ್ತಿರಿ" ಎಂದು ಮತ್ತೆ ತೆಗೆದಾಗ 259.

ಊತ ಹೆಚ್ಚಿದ್ದಾಗ, ಒಳಗೆ ರಕ್ತಸ್ರಾವವಾಗಿದ್ದಾಗ ಯಂತ್ರ ಎಳೆಯುವ ಗೆರೆಯೇ ದಾರಿ ತಪ್ಪುತ್ತದೆ. ಆಗ ತಂತ್ರಜ್ಞರು ಗೆರೆಯನ್ನು ಕೈಯಿಂದ ತಿದ್ದಬೇಕು. ನೂರಾರು ರೋಗಿಗಳ ಸಾಲಿನಲ್ಲಿ ಎಷ್ಟೋ ಕಡೆ ಇದಕ್ಕೆ ಪುರುಸೊತ್ತು ಸಿಗುವುದಿಲ್ಲ, ಇದು ನನಗೆ ನಿಜಕ್ಕೂ ನೋವಿನ ಸಂಗತಿ.

ಎಲ್ಲ ಸರಿಯಿದ್ದೂ ವ್ಯತ್ಯಾಸ ಶೇ. 10ಕ್ಕಿಂತ ಕಡಿಮೆಯಿದ್ದರೆ ಅದೊಂದನ್ನೇ ನಂಬಿ ನಾನು ಚಿಕಿತ್ಸೆ ಬದಲಿಸುವುದಿಲ್ಲ. ಮಧುಮೇಹದ ಊತ ಬೆಳಗ್ಗೆ ಹೆಚ್ಚಿದ್ದು ಸಂಜೆಯ ಹೊತ್ತಿಗೆ ಇಳಿಯುವುದೂ ಉಂಟು. ದಪ್ಪ ಇಳಿದ ಮಾತ್ರಕ್ಕೆ ದೃಷ್ಟಿ ಮರಳಿತು ಎಂದೂ ಅಲ್ಲ. ಪದರಗಳು ಸೊರಗಿದರೂ ಅಂಕಿ ಇಳಿಯುತ್ತದೆ.

ಮೇಷ್ಟ್ರ ದೃಷ್ಟಿ 6/9 (ಸಹಜಕ್ಕಿಂತ ತುಸುವೇ ಕಡಿಮೆ), ಮೊದಲಿನಂತೆಯೇ ಇತ್ತು. ಇಂಜೆಕ್ಷನ್ ಬೇಡ ಎಂದೆ. ಮೂರು ತಿಂಗಳ ನಂತರ ಸ್ಪೆಕ್ಟ್ರಾಲಿಸ್‌ನಲ್ಲೇ, ಬೆಳಗಿನ ಹೊತ್ತಿಗೇ ಮತ್ತೆ ಸ್ಕ್ಯಾನ್. ಅವರು ಪೆನ್ನು ತೆಗೆದು ಎರಡೂ ರಿಪೋರ್ಟಿನ ಮೇಲೆ ಯಂತ್ರದ ಹೆಸರು ದೊಡ್ಡದಾಗಿ ಬರೆದುಕೊಂಡರು.