ಬಾಕ್ಸ್ ಬೆಡ್ ಹಾಳಾಯ್ತು, ತೇಗದ್ದೇ ಮಾಡಿಸಬೇಕಿತ್ತಾ?

ಪ್ರಶ್ನೆ: ಊರಿನಲ್ಲಿ ಅಜ್ಜನ ಮಂಚ ಇವತ್ತಿಗೂ ಕಲ್ಲಿನ ಹಾಗಿದೆ. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಮಾಡಿಸಿದ ಬಾಕ್ಸ್ ಬೆಡ್ (ಒಳಗೆ ಸಾಮಾನು ತುಂಬುವ ಪೆಟ್ಟಿಗೆ ಮಂಚ) ಎಂಟೇ ವರ್ಷಕ್ಕೆ ಕೆಟ್ಟಿತು. ಪ್ಲೈವುಡ್ ಬಿಟ್ಟು ತೇಗದ್ದೇ ಮಾಡಿಸಬೇಕಿತ್ತಾ?

ಉತ್ತರ: ಬೇಕಿರಲಿಲ್ಲ. ಕೇಳುವವರ ಊರು ಡೊಂಬಿವಲಿ ಹೋಗಿ ಥಾಣೆ, ಥಾಣೆ ಹೋಗಿ ಮೀರಾ ರೋಡ್ ಆಗುತ್ತದೆ. ಪ್ರಶ್ನೆ ಮಾತ್ರ ಇದೇ. ಗಟ್ಟಿ ಮರವೆಂದರೆ ಬಾಳಿಕೆ, ಪ್ಲೈ ಎಂದರೆ ಮೋಸ ಎಂಬ ನಂಬಿಕೆ ನಮ್ಮವರ ತಲೆಯಿಂದ ಇಳಿಯುವುದೇ ಇಲ್ಲ.

ಮೊದಲು ಬೆಡ್ಡಿನ ಮೇಲ್ಹಲಗೆ ಎತ್ತಿ, ಟಾರ್ಚ್ ಬಿಟ್ಟು, ಬದಿಯ ಹಲಗೆಗಳ ಕೆಳಗಿನ ಎರಡು ಇಂಚು ನೋಡಿ. ಪದರಗಳು ಬಾಯಿಬಿಟ್ಟಿರುತ್ತವೆ, ಮೇಲೆ ಅಂಟಿಸಿದ ಸನ್‌ಮೈಕಾ ಹಾಳೆ ಎದ್ದಿರುತ್ತದೆ, ಒಳಗಡೆ ಕಪ್ಪು ಬೂಷ್ಟಿನ ಚುಕ್ಕೆ. ಮೇಲಿನ ಹನ್ನೆರಡು ಇಂಚು ಹೊಸತರ ಹಾಗೇ ಇರುತ್ತದೆ. ಮರ ಕೆಟ್ಟದ್ದಾಗಿದ್ದರೆ ಇಡೀ ಹಲಗೆ ಹೋಗಬೇಕಿತ್ತಲ್ಲ? ಕೆಡಿಸಿದ್ದು ದಿನಾ ನೆಲ ಒರೆಸುವ ನೀರು. ಬಡಗಿ ಮಿಸ್ತ್ರಿ ಹಲಗೆಯ ಎರಡೂ ಮುಖಕ್ಕೆ ಸನ್‌ಮೈಕಾ ಅಂಟಿಸುತ್ತಾನೆ, ನೆಲಕ್ಕೆ ತಾಗುವ ಅಂಚಿಗೆ ಏನೂ ಹಚ್ಚದೆ ಬರಿದಾಗಿಯೇ ಬಿಡುತ್ತಾನೆ. ನೀರು ಅಲ್ಲಿಂದ ಏರುತ್ತದೆ.

"ವಾಟರ್‌ಪ್ರೂಫ್ ಎಂದು ಹೇಳಿ ಕೊಟ್ಟಿದ್ದರು" ಅನ್ನುತ್ತೀರಿ. ಶೀಟಿನ ಮೇಲಿನ ಮುದ್ರೆ ಓದಿ. ಎಂಆರ್ (ಮಾಯಿಶ್ಚರ್ ರೆಸಿಸ್ಟೆಂಟ್) ಎಂದಿದ್ದರೆ ಅದು ತೇವ ತಡೆಯುತ್ತದೆ, ಅಷ್ಟೇ. ಮರೀನ್ ಪ್ಲೈಯ ಗುಣಮಟ್ಟದ ಗುರುತಾದ ಐಎಸ್ 710 ಎಂದಿದ್ದರೆ 72 ಗಂಟೆ ಕುದಿಸುವ ಪರೀಕ್ಷೆ ದಾಟಿದ್ದು. ಆದರೆ ಆ ಪರೀಕ್ಷೆ ಅಂಟಿನದ್ದು. ಮರದ ಪದರ ನೀರು ಕುಡಿಯುವುದಿಲ್ಲ ಎಂದು ಯಾರೂ ಭರವಸೆ ಕೊಟ್ಟಿಲ್ಲ.

ಇನ್ನು ತೇಗ. ಮರ ಮಳೆಗಾಲದಲ್ಲಿ ಅಡ್ಡಕ್ಕೆ ಉಬ್ಬುತ್ತದೆ, ಚಳಿಗಾಲದಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಮ್ಮಿ ಅಲುಗುವುದಿಲ್ಲ. ಮುಂಬೈ ಹವೆಯಲ್ಲಿ 14 ಇಂಚು ಅಗಲದ ತೇಗದ ಹಲಗೆಗೆ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಸಲೀಸಾಗಿ ಬರುತ್ತದೆ. ಅದನ್ನು ನಾಲ್ಕೂ ಕಡೆ ಬಿಗಿದು ಪೆಟ್ಟಿಗೆ ಮಾಡಿದರೆ ಸೀಳುತ್ತದೆ, ಇಲ್ಲವೇ ಡೊಂಕಾಗುತ್ತದೆ. ಪ್ಲೈಯಲ್ಲಿ ಒಂದು ಪದರದ ಎಳೆ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ, ಒಂದನ್ನೊಂದು ಹಿಡಿದಿಡುತ್ತವೆ. ಅಗಲದ ಹಲಗೆ ಬೇಕಾದಲ್ಲಿ ಪ್ಲೈಯೇ ಸರಿ.

ಅಜ್ಜನ ಮಂಚದಲ್ಲಿ ಅಗಲದ ಹಲಗೆ ಎಲ್ಲಿದೆ? ಮೂರಿಂಚಿನ ಕಾಲು, ಸಪೂರ ಪಟ್ಟಿ, ಕೆಳಗೆ ಪೊರಕೆ ಆಡುವಷ್ಟು ಗಾಳಿ. ಆ ಮನೆಗೆ ಅಟ್ಟ ಇತ್ತು, ಭತ್ತ ತುಂಬುವ ಪತ್ತಾಯ ಇತ್ತು. ಮಂಚದ ಹೊಟ್ಟೆಗೆ ಏನನ್ನೂ ತುರುಕಬೇಕಿರಲಿಲ್ಲ. ಇನ್ನೊಂದು ಮಾತು: ಮಂಚದಲ್ಲಿ ಮಲಗಿದ್ದು ಅಜ್ಜ ಒಬ್ಬರೇ, ಉಳಿದ ಹನ್ನೆರಡು ಜನ ಚಾಪೆಯಲ್ಲಿ. ಆ ಚಾಪೆಗಳು ಎಷ್ಟು ವರ್ಷ ಬಾಳಿದವು ಎಂದು ಯಾರೂ ಕೇಳುವುದಿಲ್ಲ.

ಮುಂಬೈಯಲ್ಲಿ ಲೆಕ್ಕವೇ ಬೇರೆ. ಹಳೆಯ ಸರ್ಕಾರಿ ವಠಾರವಾದ ಬಿಡಿಡಿ ಚಾಳಿನ ಖೋಲಿ (ಒಂದೇ ಕೋಣೆ) 160 ಚದರಡಿ; ಕೊಳೆಗೇರಿಯವರಿಗೆ ಕಟ್ಟಿಕೊಡುವ ಈಗಿನ ಎಸ್‌ಆರ್‌ಎ ಮನೆ 300. ಆರು ಬೈ ಐದರ ಮಂಚವೇ 30 ಚದರಡಿ, ಅಂದರೆ ಎಸ್‌ಆರ್‌ಎ ಮನೆಯ ಹತ್ತರಲ್ಲೊಂದು ಪಾಲು. ಅಷ್ಟು ಜಾಗ ರಾತ್ರಿಯ ನಿದ್ದೆಗೆ ಮಾತ್ರ ಬಿಡಲು ಆಗದ್ದಕ್ಕೇ ಬಾಕ್ಸ್ ಬೆಡ್ ಹುಟ್ಟಿದ್ದು. ಊರಿನಿಂದ ಬರುವ ನೆಂಟರ ಹಾಸಿಗೆ, ಚೌತಿಯ ಪಾತ್ರೆ ಎಲ್ಲ ಅದರೊಳಗೆ. ಇದು ಸ್ವಂತ ಮನೆಯವರ ಮಾತು. ಬಾಡಿಗೆಯವರಲ್ಲೂ, ಸುಲಭವಾಗಿ ಎಬ್ಬಿಸಲು ಬಿಡದ 1947ರ ಬಾಡಿಗೆ ಕಾಯ್ದೆಯ ಆಸರೆಯಲ್ಲಿ ತಲೆಮಾರುಗಟ್ಟಲೆ ಕೂತವರು ಧೈರ್ಯವಾಗಿ ಗೋಡೆಗೆ ಮಾಳಾ (ಅಟ್ಟ) ಹೊಡೆಸಿಕೊಂಡರು. 11 ತಿಂಗಳ ಬಾಡಿಗೆ ಕರಾರಿನವರು ಬಾಕ್ಸ್ ಬೆಡ್ಡಿನ ಗೋಜಿಗೆ ಹೋಗಬೇಡಿ. ಕಬ್ಬಿಣದ ಖಾಟು, ಕೆಳಗೆ ಎರಡು ಟ್ರಂಕು ಸಾಕು. ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡಿನದ್ದನ್ನು ಮನೆ ಬದಲಿಸುವಾಗ ಎರಡು ಮೂರು ಸಲ ಬಿಚ್ಚಿ ಜೋಡಿಸಿದರೆ ಸ್ಕ್ರೂ ತೂತು ಸಡಿಲವಾಗಿ ಮಂಚ ಕಿರುಗುಟ್ಟುತ್ತದೆ.

ಹೊಸತು ಮಾಡಿಸುವವರು ಬದಿಗೆ 18 ಮಿಲಿಮೀಟರ್ ಪ್ಲೈ ಹಾಕಿಸಿ. ಕೆಳ ಅಂಚಿಗೆ ಎರಡು ಕೋಟ್ ಆಯಿಲ್ ಪೇಂಟ್, ಅದರ ಕೆಳಗೆ ಒಂದಿಂಚಿನ ಪಿವಿಸಿ ಬುಶ್ (ಪ್ಲಾಸ್ಟಿಕ್ ಕಾಲು). ಪ್ರತಿ ಖಾನೆಗೆ ಒಂದಿಂಚಿನ ನಾಲ್ಕು ಗಾಳಿತೂತು. ಬಾತ್‌ರೂಮಿನ ಗೋಡೆಗೆ ತಾಗಿಸಬೇಡಿ, ಎರಡಿಂಚು ಬಿಡಿ. ಪೇಂಟ್ ಹಚ್ಚಿದ್ದನ್ನು ಬೆಡ್ ಜೋಡಿಸುವ ಮೊದಲೇ ಕಣ್ಣಾರೆ ನೋಡಿ. ಆಮೇಲೆ ಹಚ್ಚಲು ಯಾರಿಂದಲೂ ಆಗುವುದಿಲ್ಲ.

ಯಾರೂ ಕೇಳದ ಒಂದು ಪ್ರಶ್ನೆಯೂ ಇದೆ: ಮಿಸ್ತ್ರಿ ಮಾಡುವ ವಾರ್ಡ್‌ರೋಬ್ ಎರಡಡಿಯೇ ಆಳ ಯಾಕೆ? ಹ್ಯಾಂಗರಿಗಾಗಿ ಅನ್ನುತ್ತಾರೆ. ಕಬ್ಬಿಣದ ಕಪಾಟು 19 ಇಂಚಿನಲ್ಲೇ ಅದೇ ಹ್ಯಾಂಗರನ್ನು ನುಂಗುತ್ತದಲ್ಲ! ಪ್ಲೈ ಶೀಟು 8 ಬೈ 4 ಅಡಿ; ನಡುವೆ ಸೀಳಿದರೆ 24 ಇಂಚಿನ ಎರಡು ತುಂಡು, ಚೂರೂ ಪೋಲಾಗುವುದಿಲ್ಲ. ಶೀಟು ಉಳಿಯಿತು, ನಿಮ್ಮ ನೆಲ ಹೋಯಿತು. ಹೊರಕ್ಕೆ ಎಳೆದು ತೆರೆಯುವ ಬಾಗಿಲಾದರೆ 20 ಇಂಚಿಗೆ ಕೊಯ್ಯಿಸಿ. ಆರಡಿ ವಾರ್ಡ್‌ರೋಬಿಗೆ ಎರಡು ಚದರಡಿ ನೆಲ ವಾಪಸ್ ಸಿಗುತ್ತದೆ. ಸ್ಲೈಡಿಂಗ್ ಬಾಗಿಲಿಗೆ ಈ ಲೆಕ್ಕ ನಡೆಯದು. ಉಳಿದ ಎಂಟಿಂಚಿನ ಪಟ್ಟಿಯನ್ನು ಮಿಸ್ತ್ರಿ ಒಯ್ಯದಂತೆ ನೋಡಿಕೊಳ್ಳಿ, ಡ್ರಾಯರ್‌ಗಳ ಬದಿಗೆ ಅದೇ ಆಗುತ್ತದೆ.