ಸಂಬಳ ಕೇಳ್ತೀರಿ, ನೈಟ್ ಡ್ಯೂಟಿ ಬಗ್ಗೆ ಯಾಕೆ ಕೇಳಲ್ಲ?

ನರ್ಸಿಂಗ್ ರಿಸಲ್ಟ್ ಬಂತು ಅಂದರೆ ನನಗೆ ಫೋನ್ ಶುರು. 'ಮೇಡಂ, ಬೆಂಗಳೂರಲ್ಲಿ 22 ಸಾವಿರ ಅಂತಾರೆ, ಇಲ್ಲೇ ತುಮಕೂರಲ್ಲಿ 17 ಅಂತಾರೆ. ಯಾವುದಕ್ಕೆ ಸೇರಲಿ?' ನಾನು ಒಂದೇ ಮಾತು ಕೇಳುತ್ತೇನೆ. 'ನೈಟಲ್ಲಿ ನಿನ್ನ ಜೊತೆ ಯಾರಿರ್ತಾರಮ್ಮ?' ಉತ್ತರ ಇರುವುದಿಲ್ಲ. ಹಾಸ್ಟೆಲ್ ಕೇಳಿರುತ್ತಾರೆ, ಊಟ ಕೇಳಿರುತ್ತಾರೆ, ಹಬ್ಬಕ್ಕೆ ರಜೆ ಕೇಳಿರುತ್ತಾರೆ. ಇದೊಂದನ್ನು ಬಿಟ್ಟು! ವರ್ಷ ವರ್ಷ ಹೇಳಿ ನನಗೂ ಸಾಕಾಗಿದೆ.

ನನ್ನದೇ ಮೊದಲ ವರ್ಷದ ಒಂದು ರಾತ್ರಿ ಹೇಳುತ್ತೇನೆ. ಒಬ್ಬ ಅಜ್ಜನಿಗೆ 10 ಯೂನಿಟ್ ಇನ್ಸುಲಿನ್ ಕೊಡಬೇಕಿತ್ತು. ನಮ್ಮಲ್ಲಿ ಇನ್ಸುಲಿನ್ ಒಂದು ಎಂಎಲ್‌ಗೆ 40 ಯೂನಿಟ್‌ನದ್ದೂ ಬರುತ್ತದೆ, 100 ಯೂನಿಟ್‌ನದ್ದೂ ಬರುತ್ತದೆ. ಸಿರಿಂಜೂ ಬೇರೆ. 40ರದ್ದಕ್ಕೆ ಕೆಂಪು ಕ್ಯಾಪ್, 100ರದ್ದಕ್ಕೆ ಕಿತ್ತಳೆ. ನಾನು 100ರ ಬಾಟಲಿಯಿಂದ ಕೆಂಪು ಕ್ಯಾಪಿನ ಸಿರಿಂಜಿಗೆ 10ರ ಗೆರೆವರೆಗೆ ಎಳೆದೆ. ಆ ಸಿರಿಂಜಿನಲ್ಲಿ 10ರ ಗೆರೆ ಅಂದರೆ ಕಾಲು ಎಂಎಲ್. 100ರ ಬಾಟಲಿಯದ್ದಾದರೆ ಅದು 25 ಯೂನಿಟ್! ಪಕ್ಕದಲ್ಲಿದ್ದ ಸೀನಿಯರ್ ಸಿಸ್ಟರ್ ನನ್ನ ಕೈ ಹಿಡಿದರು. ಬೈಯಲಿಲ್ಲ. 'ಬಾಟಲಿ ಮೇಲಿರೋದು ಇನ್ನೊಂದ್ಸಲ ಓದಮ್ಮ' ಅಂದರು. ಅವರಿಲ್ಲದಿದ್ದರೆ ಅಜ್ಜನಿಗೆ ನಿದ್ದೆಯಲ್ಲೇ ಶುಗರ್ ಇಳಿದುಹೋಗುತ್ತಿತ್ತು. ಪರೀಕ್ಷೆಯಲ್ಲಿ ಇದೇ ಲೆಕ್ಕವನ್ನು ಸರಿಯಾಗಿ ಬರೆದವಳು ನಾನು. ವಾರ್ಡಿನಲ್ಲಿ ನಾಲ್ಕು ಕಡೆಯಿಂದ 'ಸಿಸ್ಟರ್, ಸಿಸ್ಟರ್' ಅಂತ ಕರೆಯುವಾಗ ಕೈ ತಪ್ಪುತ್ತದೆ. ಹೊಸಬರಿಗೆ ಜಾಸ್ತಿ.

ಬೆಂಗಳೂರು ಬೇಡ ಅಂತ ನಾನು ಹೇಳುತ್ತಿಲ್ಲ. ಅಲ್ಲಿನ ಕೆಲವು ಆಸ್ಪತ್ರೆಗಳು ಹೊಸಬರನ್ನು ವಾರಗಟ್ಟಲೆ ಸೀನಿಯರ್ ಜೊತೆಗೇ ಇಡುತ್ತವೆ. ನಮ್ಮ ಕಡೆಯ ಸಣ್ಣ ನರ್ಸಿಂಗ್ ಹೋಮಿನಲ್ಲಿ ಮೊದಲ ವಾರವೇ ಒಬ್ಬಳನ್ನೇ ನೈಟಿಗೆ ಹಾಕುವುದೂ ಉಂಟು. ತದ್ವಿರುದ್ಧವೂ ಇರಬಹುದು. ಊರಿನ ಹೆಸರು ಕೇಳಿ ನಾನು ಹೇಳಲಾರೆ.

ಎಚ್ಆರ್ ಅವರನ್ನು ಕೇಳಿದರೆ ಎಲ್ಲ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಡ್ಯೂಟಿ ಬದಲಾಗುವ ಹೊತ್ತಿಗೆ ಹೋಗಿ. ಹೊರಗೆ ಬರುವ ಸ್ಟಾಫ್‌ನ ಕೇಳಿ. ಎಷ್ಟು ಬೆಡ್ಡು, ರಾತ್ರಿ ಎಷ್ಟು ಜನ, ಅದರಲ್ಲಿ ಹಳಬರು ಯಾರು, ಹೊಸಬರನ್ನು ಎಷ್ಟು ದಿನಕ್ಕೆ ಒಬ್ಬರನ್ನೇ ಬಿಡುತ್ತಾರೆ. ವೆಂಟಿಲೇಟರ್ ಮೇಲಿರುವ ಇಬ್ಬರು ಮೂವರನ್ನು ಒಬ್ಬಳೇ ನೋಡ್ತೀನಿ ಅಂತ ಯಾರಾದರೂ ಅಂದರೆ ಅಲ್ಲಿಂದ ಎದ್ದು ಬನ್ನಿ. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು.

ಸಂಬಳದ ವಿಷಯ ನಿಮಗೇ ಗೊತ್ತು. ಪಿಎಫ್, ಪಿಜಿ ಬಾಡಿಗೆ ಕಳೆದು ನೋಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೋರಿಸಿ, ಬಿಟ್ಟು ಬರಬೇಡಿ.

ಮೊನ್ನೆ ತಿಪಟೂರು ಕಡೆಯ ಹುಡುಗಿಯೊಬ್ಬಳು ಅಪ್ಪನ ಜೊತೆ ಬಂದಿದ್ದಳು. ಕೊಬ್ಬರಿ ಮಾರಿ ಮಗಳ ಫೀಸು ಕಟ್ಟಿದವರು. ನನ್ನ ಮಾತು ಕೇಳಿ ಅಪ್ಪ ಮಗಳು ಜಾಸ್ತಿ ಸಂಬಳದ ಆಸ್ಪತ್ರೆಗೆ ಹೋದರು. ರಾತ್ರಿ ಎಂಟೂವರೆಗೆ ಅವಳ ಫೋನ್ ಬಂತು. 'ಮೇಡಂ, ಮೂವತ್ತು ಬೆಡ್ಡಿಗೆ ಇಬ್ಬರು. ಇಬ್ಬರೂ ಕಾಲೇಜಲ್ಲಿ ನಮ್ಮ ಸೀನಿಯರ್ಸ್, ಹೋದ ವರ್ಷವಷ್ಟೇ ಪಾಸಾದವರು.' ಹಿಂದಿನಿಂದ ಅವರಪ್ಪ, 'ನಾಳೆ ಇನ್ನೊಂದನ್ನೂ ನೋಡ್ಕೊಂಡು ಬರ್ತೀವಿ ಮೇಡಮ್ಮೋರೆ' ಅಂದರು.